ಎಲ್ಲವನ್ನೂ ನೆನಪಿಟ್ಟವಳು

ಹಡಗಿನ ಕೋಣೆಯ ಪುಟ್ಟ ಬಚ್ಚಲಲ್ಲಿ ರಾತ್ರಿ ಒಣಹಾಕಿದ್ದ ಬಟ್ಟೆಗಳನ್ನೆಲ್ಲ ಮಂಚದ ಮೇಲೆ ಸುರಿದುಕೊಂಡು ಅವಳು ಮಡಚುತ್ತಿದ್ದಳು. ಗಂಡನ ಅಂಗಿಗಳು ಎಂದಿನಂತೆ ಒಳಹೊರಗಾಗಿದ್ದವು. ಕತ್ತಿನ ಹಿಂದೆ ಕೈಹಾಕಿ ಎಳೆದು, ಎಲ್ಲಿ ಬೀಳುತ್ತದೋ ಅಲ್ಲಿಗೆ ಎಸೆಯುವುದು ಅವನ ರೂಢಿ. ಅವಳು ತೋಳಿನೊಳಗೆ ಕೈ ತೂರಿಸಿ ಒಂದೊಂದನ್ನೇ ಸರಿಮಾಡಿ, ತೋಳುಗಳನ್ನು ಒಳಕ್ಕೆ ಮಡಿಸಿ, ಕೊನೆಗೆ ಕೆಳಗಿನ ಅಂಚನ್ನು ಕತ್ತಿನ ಪಟ್ಟಿಯೊಳಗೆ ಸಿಕ್ಕಿಸಿ ಬಿಗಿಯಾದ ಪೊಟ್ಟಣ ಮಾಡುತ್ತಿದ್ದಳು. ಹಾಗೆ ಮಡಚಿದ ಅಂಗಿ ಎಸೆದರೂ ಬಿಚ್ಚಿಕೊಳ್ಳುತ್ತಿರಲಿಲ್ಲ. ಮಗಳು ಅದಕ್ಕೆ ಲಕೋಟೆ ಎಂದು ಹೆಸರಿಟ್ಟಿದ್ದಳು.

"ಏಯ್, ಅದನ್ನ ಅತ್ಲಾಗಿಡು. ಇಲ್ಲಿ ನೋಡು."

ಗಂಡ ಫೋನನ್ನು ಅವಳ ಮೂಗಿಗೇ ಹಿಡಿದ. ತೆರೆಯ ಮೇಲೆ ಗುಲಾಬಿ ಬಣ್ಣದ ಪುಟ್ಟ ಮಂಚ. ಹೊಸ ದಿಂಬಿನ ಪ್ಲಾಸ್ಟಿಕ್ಕನ್ನು ಇನ್ನೂ ತೆಗೆದಿರಲಿಲ್ಲ.

"ಅಕ್ಕ ಕಳಿಸಿದಾಳೆ. ಕಡ್ಡಿಗೆ ಮಂಚ ಬಂತಂತೆ."

ಕಡ್ಡಿ ಎಂದರೆ ಅವರ ಏಳು ವರ್ಷದ ಮಗಳು. ಎಷ್ಟು ತಿಂದರೂ ಮೈಗೆ ಹತ್ತದ ಹುಡುಗಿ. ಮಕ್ಕಳಿಲ್ಲದ ಅವನ ಅಕ್ಕ ಬೇರೆ ಊರಿನಲ್ಲಿ ದೊಡ್ಡ ಮನೆ ಕಟ್ಟಿಸಿದ್ದಳು. ಕಡ್ಡಿ ಇನ್ನು ಅಲ್ಲೇ ಬೆಳೆಯಬೇಕೆಂದು ಅಕ್ಕ ತಮ್ಮ ಇಬ್ಬರೇ ಕೂತು ತೀರ್ಮಾನಿಸಿದ್ದರು.

"ಇನ್ನೊಂದು ಸಲ ಯೋಚನೆ ಮಾಡಿ ರೀ."

"ಮಾಡಿ ಆಯ್ತು. ವಾಪಸ್ ಹೋದ ವಾರಾನೇ ಬಿಟ್ಟು ಬರ್ತೀನಿ. ನಿನ್ನ ಜೊತೆ ಇದ್ರೆ ಅವಳೂ ನಿನ್ನ ಥರಾನೇ ಆಗ್ತಾಳೆ, ಬಟ್ಟೆ ಮಡಚೋದೊಂದು ಬಿಟ್ರೆ ಇನ್ನೇನೂ ಬರಲ್ಲ." ತನ್ನ ಮಾತಿಗೆ ತಾನೇ ನಕ್ಕ. "ಈ ಹಡಗಿಗೆ ಬೆಂಕಿ ಬಿದ್ರೂ ನೀನು ಎಲ್ಲಾ ಮಡಚಿಟ್ಟೇ ಓಡೋದು!"

ಮೇಲಿನ ಹಾಸಿಗೆಯಿಂದ ಕಡ್ಡಿಯ ಕಾಲುಗಳು ಇಳಿಬಿದ್ದಿದ್ದವು. ಅವಳು ಕೆಳತುಟಿಯನ್ನು ಎರಡು ಬೆರಳಲ್ಲಿ ಹಿಡಿದು ಎಳೆಯುತ್ತಿದ್ದಳು. ಮನಸ್ಸಿನಲ್ಲಿ ಪ್ರಶ್ನೆ ಎದ್ದಾಗ ಅವಳು ಮಾಡುವುದು ಅದೇ. ಕೂಡಲೇ ಕೇಳುವ ಮಗುವಲ್ಲ. ಬೆಳಗಿನ ಪ್ರಶ್ನೆಯನ್ನು ಇಡೀ ದಿನ ತುಟಿಯಲ್ಲಿಟ್ಟುಕೊಂಡು, ಎಲ್ಲರೂ ಮರೆತ ಮೇಲೆ ಕೇಳುತ್ತಿದ್ದಳು.

"ಆಯ್ತು," ಎಂದಳು ತಾಯಿ, ಕೊನೆಯ ಅಂಗಿಯನ್ನು ಕೈಗೆತ್ತಿಕೊಳ್ಳುತ್ತ. ಆ ಮಾತನ್ನು ಅವಳು ಹೇಳಿದ್ದು ಗಂಡನಿಗಲ್ಲ, ತನಗೆ. ನಿನ್ನೆ ಸಂಜೆಯಿಂದ ಅರೆಮನಸ್ಸಿನಲ್ಲಿ ತಿರುಗಿಸಿ ನೋಡುತ್ತಿದ್ದುದನ್ನು ಇವತ್ತೇ ಮುಗಿಸಬೇಕು.

ಬೇರೆ ದಾರಿಗಳನ್ನು ಅವಳು ಹುಡುಕಿರಲಿಲ್ಲ ಎಂದಲ್ಲ. "ಹೋಗೋದಾದ್ರೆ ನೀನು ಹೋಗು, ಮಗು ಮಾತ್ರ ನಂದು," ಎಂದು ಅವನು ಹೇಳಿಯಾಗಿತ್ತು. ಮೂವರ ಪಾಸ್‌ಪೋರ್ಟೂ ಕೋಣೆಯ ಗೋಡೆಯಲ್ಲಿದ್ದ ಉಕ್ಕಿನ ಡಬ್ಬಿಯಲ್ಲಿತ್ತು, ಅದರ ಬೀಗದ ಸಂಖ್ಯೆ ಅವನೊಬ್ಬನಿಗೇ ಗೊತ್ತು. ಅವಳ ಫೋನನ್ನು ಅವನು ದಿನಕ್ಕೊಮ್ಮೆ ಇಸಿದುಕೊಂಡು ನೋಡುತ್ತಿದ್ದ. ಈ ಪ್ರವಾಸವೂ ಅವನೇ ಕೊಡಿಸಿದ ಸಮಾಧಾನದ ಉಡುಗೊರೆ. ಕೋಣೆಯ ಗುಂಡು ಕಿಟಕಿ ತೆರೆಯುತ್ತಿರಲಿಲ್ಲ. ಮೊದಲ ದಿನ ಅದರ ಗಾಜಿಗೆ ಹಣೆಯಿಟ್ಟು ನಿಂತಾಗ, ತನ್ನ ಮನೆಯನ್ನೇ ಯಾರೋ ಕಿತ್ತು ತಂದು ನೀರಿನ ಮೇಲೆ ಬಿಟ್ಟಿದ್ದಾರೆ ಎನ್ನಿಸಿತ್ತು ಅವಳಿಗೆ.

ಉಪಾಯ ಹೊಳೆದದ್ದು ಹಿಂದಿನ ಸಂಜೆ. ಇಳಿಯಲಿರುವ ದ್ವೀಪದ ಬಗ್ಗೆ ಹಡಗಿನವರು ಪ್ರಯಾಣಿಕರನ್ನೆಲ್ಲ ಕೂರಿಸಿ ವಿವರಿಸಿದ್ದರು. ದೊಡ್ಡ ಮರಳುದಂಡೆ ಸುರಕ್ಷಿತ. ಬಂಡೆಗಳಾಚೆಗಿನ ಚಿಕ್ಕ ಕೊಲ್ಲಿಯಲ್ಲಿ ಮಾತ್ರ ಯಾರೂ ಇಳಿಯಬಾರದು. ಮೇಲೆ ಕನ್ನಡಿಯಂತಿದ್ದರೂ ಅಡಿಯಲ್ಲಿ ನೀರಿನ ಸೆಳೆತ ಜೋರು. ಗಂಡ ಅವಳ ಪಕ್ಕದಲ್ಲೇ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ. ಎಬ್ಬಿಸಲು ಎತ್ತಿದ ಮೊಣಕೈಯನ್ನು ಅವಳು ಹಾಗೇ ಕೆಳಗಿಳಿಸಿದ್ದಳು.

ಅಲ್ಲಿಂದ ಮುಂದಿನದು ಬರೀ ಅಚ್ಚುಕಟ್ಟಿನ ಮಾತು, ಅದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಯಾರ ಮಾತ್ರೆ ಎಲ್ಲಿದೆ, ಯಾರ ಟೋಪಿ ಯಾವ ಚೀಲದಲ್ಲಿದೆ, ಕಡ್ಡಿಯ ಸಡಿಲ ಹಲ್ಲು ಯಾವ ಬದಿಯದು, ಆ ಮನೆಯಲ್ಲಿ ಇವೆಲ್ಲ ಇದ್ದದ್ದು ಅವಳೊಬ್ಬಳ ತಲೆಯಲ್ಲಿ. ಕೊಲೆಗಾರರು ಸಿಕ್ಕಿಬೀಳುವುದು ಏನನ್ನೋ ಮರೆತು. ತಾನು ಮರೆಯುವವಳಲ್ಲ ಎಂಬುದರಲ್ಲಿ ಅವಳಿಗೆ ಅನುಮಾನವಿರಲಿಲ್ಲ.

ದಡಕ್ಕಿಳಿಯುವಾಗ ಪ್ರತಿಯೊಬ್ಬರ ಚೀಟಿಯನ್ನೂ ಯಂತ್ರಕ್ಕೆ ತೋರಿಸಿದರು. ಮೂರು ಸಲ ಕೀಂ ಎಂದಿತು. ಸಂಜೆ ಎರಡೇ ಸಲ ಅನ್ನುತ್ತದೆ, ಅದರಲ್ಲಿ ಮುಚ್ಚಿಡುವಂಥದ್ದೇನೂ ಇಲ್ಲ. ಯಂತ್ರಕ್ಕೆ ತಿಳಿಯುವ ಮೊದಲೇ ತಾನು ಅಳುತ್ತ ಓಡಿಬಂದಿರಬೇಕು. ತೀರಾ ಬೇಗ ಓಡಬಾರದು, ತೀರಾ ತಡವೂ ಮಾಡಬಾರದು. ಸಾಮಾನ್ಯ ಹೆಂಡತಿಯೊಬ್ಬಳು ಮೊದಲು ಸಿಟ್ಟಾಗಿ, ಆಮೇಲೆ ಗಾಬರಿಯಾಗುತ್ತಾಳಲ್ಲ, ಅಷ್ಟು ಹೊತ್ತು.

ಮರಳುದಂಡೆಯಲ್ಲಿ ಹಡಗಿನ ಹಳದಿ ಟೋಪಿಯ ಹುಡುಗಿಯರು ಮಕ್ಕಳಿಗೆ ಮರಳಿನ ಮನೆ ಕಟ್ಟಿಸುತ್ತಿದ್ದರು. ಕಡ್ಡಿಯನ್ನು ಅವರಿಗೆ ಒಪ್ಪಿಸಿದಳು.

"ನೀನು ಎಲ್ಲಿರ್ತೀಯ ಅಮ್ಮ?"

"ಇಲ್ಲೇ ಕಂದ, ಆ ಕೆಂಪು ಛತ್ರಿ ಕೆಳಗೆ. ಎಲ್ಲಿಗೂ ಹೋಗಲ್ಲ."

ಛತ್ರಿಯ ಕೆಳಗೆ ಟವಲ್ ಹಾಸಿ, ಅಂಚಿಗೆ ಚಪ್ಪಲಿ ಬಿಟ್ಟು, ಒರಗು ಕುರ್ಚಿಯ ಮೇಲೆ ತನ್ನ ಅಗಲ ಟೋಪಿಯನ್ನೂ ತೆರೆದ ಪುಸ್ತಕವನ್ನೂ ಇಟ್ಟಳು. ದೂರದಿಂದ ನೋಡಿದವರಿಗೆ ಅಲ್ಲೊಬ್ಬ ಹೆಂಗಸು ಇದ್ದಾಳೆ ಅಥವಾ ಈಗಷ್ಟೇ ಎದ್ದು ಹೋಗಿದ್ದಾಳೆ ಎನ್ನಿಸಬೇಕು.

"ಇದೇನು ಇದು, ಜಾತ್ರೆ ಇದ್ದಂಗಿದೆ," ಎಂದು ಗಂಡ ಮುಖ ಸಿಂಡರಿಸಿದ. ಅವನು ಹಾಗನ್ನುತ್ತಾನೆಂದು ಅವಳಿಗೆ ಗೊತ್ತಿತ್ತು.

"ಬಂಡೆ ಆಚೆ ಒಂದು ಕೊಲ್ಲಿ ಇದೆಯಂತೆ. ಯಾರೂ ಇರಲ್ವಂತೆ," ಎಂದಳು. "ನೀವು ಮುಂದೆ ಹೋಗಿರಿ. ನಾನು ಕುಡಿಯೋಕೆ ಏನಾದ್ರೂ ತರ್ತೀನಿ."

ಅವನು ಹೋದ. ಅವಳು ಬಟ್ಟೆ ಬದಲಿಸುವ ಕೋಣೆಗಳ ಹಿಂದಿನ ಪೊದೆಗಳ ದಾರಿ ಹಿಡಿದಳು. ಅಲ್ಲಿ ಯಾರೂ ಎದುರಾಗಲಿಲ್ಲ. ಅವಳ ಚೀಲದಲ್ಲಿದ್ದ ಬಾಟಲಿಯಲ್ಲಿ ಹಣ್ಣಿನ ರಸವಿತ್ತು. ರಸದಲ್ಲಿ ಹಡಗಿನ ಓಲಾಟಕ್ಕೆ ಅವನು ದಿನವೂ ನುಂಗುತ್ತಿದ್ದ ಮಾತ್ರೆಗಳಿದ್ದವು, ಒಂದಕ್ಕಿಂತ ಹೆಚ್ಚೇ. ಒಂದು ನುಂಗಿದರೇ ಅವನಿಗೆ ಕಣ್ಣು ಎಳೆಯುತ್ತಿತ್ತು. ಅವಳ ಕೈಯಿಂದ ಬಂದದ್ದನ್ನು ಏನೆಂದು ಕೇಳದೆ ಬಾಯಿಗೆ ಹಾಕಿಕೊಳ್ಳುವುದು ಅವನ ಅಭ್ಯಾಸ. ಅವನು ಅವಳಲ್ಲಿ ಇಟ್ಟಿದ್ದ ನಂಬಿಕೆ ಅದೊಂದೇ.

ಕೊಲ್ಲಿಯ ಎಚ್ಚರಿಕೆಯ ಹಲಗೆಗೆ ಬಳ್ಳಿ ಹಬ್ಬಿತ್ತು. ಅವಳು ಅದನ್ನು ಮುಟ್ಟಲಿಲ್ಲ. ಅವನು ಓದುವ ಪೈಕಿಯಲ್ಲ.

ರಸ ಕುಡಿದು, ಬಂಡೆಗೆ ಒರಗಿ, ಅಕ್ಕನ ಮನೆಯ ಅಂಗಳ ಎಷ್ಟು ದೊಡ್ಡದು, ಕಡ್ಡಿಗೆ ಅಲ್ಲಿ ಎಂಥ ಶಿಸ್ತು ಬರುತ್ತದೆ ಎಂದೆಲ್ಲ ಅವನು ಹೇಳುತ್ತ ಹೋದ. ಮಾತು ನಿಧಾನಕ್ಕೆ ತೊದಲತೊಡಗಿತು. ಅವನು ಅಲ್ಲೇ ಮಲಗಿಬಿಟ್ಟರೆ ಎಲ್ಲ ಕೆಟ್ಟಂತೆ. ಅವಳು ಉಳಿಸಿಟ್ಟಿದ್ದ ಒಂದೇ ಮಾತನ್ನು ತೆಗೆದಳು.

"ನೀರಿಗೆ ಇಳೀಬೇಡಿ ರೀ. ನಿಮಗೆ ಈಗ ಮೊದಲಿನ ಹಾಗೆ ಆಗಲ್ಲ."

"ಏನಂದೆ?"

"ವಯಸ್ಸಾಯ್ತಲ್ಲ. ಬೇಡ ಬಿಡಿ."

"ನಿನ್ನ ಪುಕ್ಕಲುತನ ನಿನ್ನ ಹತ್ರಾನೇ ಇಟ್ಕೋ," ಎಂದು ಅವನು ಎದ್ದ. ಕತ್ತಿನ ಹಿಂದೆ ಕೈಹಾಕಿ ಅಂಗಿಯನ್ನು ಎಳೆದು ಎಸೆದ. ಚಡ್ಡಿ ಒಂದು ಕಡೆ, ಚಪ್ಪಲಿ ಇನ್ನೊಂದು ಕಡೆ. ಕನ್ನಡಕವನ್ನು ಅವಳ ಕೈಗೆ ತುರುಕಿದ. ಹಿಂದಿರುಗಿ ನೋಡದೆ ಈಜುಚಡ್ಡಿಯಲ್ಲಿ ನೀರಿಗಿಳಿದ.

ಅವಳು ನಿಂತು ನೋಡಿದಳು. ಮೊದಮೊದಲು ಅವನು ಚೆನ್ನಾಗಿಯೇ ಈಜಿದ. ಆಮೇಲೆ ಕೈಗಳು ನಿಧಾನವಾದವು, ದಡ ಮಾತ್ರ ಅವನಿಂದ ದೂರವಾಗುತ್ತಲೇ ಹೋಯಿತು. ಒಮ್ಮೆ ಒಂದು ಕೈ ಮೇಲೆದ್ದಿತು. ಅವಳ ಕೈಯೂ ತನ್ನಷ್ಟಕ್ಕೆ ಅರ್ಧ ಮೇಲೆದ್ದು ಇಳಿಯಿತು. ಇನ್ನೊಮ್ಮೆ ಕಣ್ಣು ಹಾಯಿಸುವಷ್ಟರಲ್ಲಿ ಅಲ್ಲಿ ಬರೀ ಬಿಸಿಲು ಹೊಳೆಯುತ್ತಿತ್ತು.

ಅವಳ ತಲೆ ತಿಳಿಯಾಗಿತ್ತು. ಅವನ ಬಟ್ಟೆ ಇಲ್ಲೇ ಸಿಗಬೇಕು, ಗಾಳಿಗೆ ಹಾರಿ ಹೋಗಬಾರದು. ಒಂದು ಚಪ್ಪಟೆ ಬಂಡೆಯ ಮೇಲೆ ಎಲ್ಲವನ್ನೂ ಇಟ್ಟು, ಕನ್ನಡಕವನ್ನು ಸೆರಗಿನಿಂದ ಒರೆಸಿ ಅದರ ಮೇಲಿಟ್ಟಳು. ಪಕ್ಕದಲ್ಲಿ ಚಪ್ಪಲಿ. ಬಾಟಲಿಯನ್ನು ಸಮುದ್ರದಲ್ಲೇ ತೊಳೆದು ಚೀಲಕ್ಕೆ ಹಾಕಿಕೊಂಡಳು. ಕೆಳಗೆ ಬಿದ್ದಿದ್ದ ತೆಂಗಿನ ಗರಿಯೊಂದರಿಂದ ತನ್ನ ಬರಿಗಾಲ ಗುರುತುಗಳನ್ನು ಗುಡಿಸುತ್ತ ಹಿಂದಕ್ಕೆ ಹೆಜ್ಜೆಯಿಟ್ಟಳು. ಪೊದೆಗಳ ಬಳಿ ನಿಂತು ಇನ್ನೊಮ್ಮೆ ತಿರುಗಿ ನೋಡಿದಳು. ಮನೆಯಿಂದ ಹೊರಡುವಾಗ ಒಲೆ, ನಲ್ಲಿ, ಬಾಗಿಲು ಎಂದು ನೋಡುವಂತೆ. ಎಲ್ಲ ಸರಿಯಾಗಿತ್ತು.

ಕೆಂಪು ಛತ್ರಿಯ ಕೆಳಗೆ ಪುಸ್ತಕದ ಅದೇ ಪುಟ ತೆರೆದಿತ್ತು. ಕಡ್ಡಿ ಮರಳಿನ ಮನೆಗೆ ಚಿಪ್ಪಿನ ಕಿಟಕಿ ಅಂಟಿಸುತ್ತ, "ಅಮ್ಮ, ಇದು ನಮ್ಮನೆ! ಇದರ ಕಿಟಕಿ ತೆಗೀಬಹುದು!" ಎಂದು ಕೂಗಿದಳು.

ಸಂಜೆ ಬಂದರಿನ ಭದ್ರತಾ ಕಚೇರಿಯಲ್ಲಿ ವಿಪರೀತ ಚಳಿಯಿತ್ತು. ಕಿಟಕಿಗಳಿಲ್ಲದ ಕೋಣೆ, ಬಿಳಿ ದೀಪ, ಮೇಜಿನಾಚೆ ಅಧಿಕಾರಿ. ಅವರು ಅವಳ ತಾಯಿಯ ವಯಸ್ಸಿನ ಹೆಂಗಸು. ಕಡ್ಡಿಗೆ ಬಿಸ್ಕತ್ತು ಕೊಟ್ಟು, ತಮ್ಮ ಶಾಲನ್ನೇ ಹೊದೆಸಿದ್ದರು. ದೋಣಿಗಳು ಇನ್ನೂ ಹುಡುಕುತ್ತಿದ್ದವು.

"ಕೇಳಲೇಬೇಕು, ತಪ್ಪು ತಿಳೀಬೇಡಮ್ಮ," ಎಂದರು ಅಧಿಕಾರಿ. "ನೀನು ಆ ಕೊಲ್ಲಿ ಕಡೆ ಹೋಗೇ ಇಲ್ಲ?"

"ಇಲ್ಲ ಮೇಡಂ. ಛತ್ರಿ ಕೆಳಗೇ ಇದ್ದೆ. ಮಗು ಇತ್ತಲ್ಲ."

"ಅವರೊಬ್ಬರೇ ಹೋದ್ರು?"

"ಅವರು ಯಾವಾಗ್ಲೂ ಹಾಗೇ. ಒಬ್ಬರೇ ಹೊರಟುಬಿಡ್ತಾರೆ. ಬೇಡ ಅಂದ್ರೆ ಕೇಳಲ್ಲ." ಅವಳ ಕಣ್ಣಲ್ಲಿ ಬಂದ ನೀರು ನಿಜವಾದದ್ದೇ ಆಗಿತ್ತು.

"ಗಂಡಸರ ಹಣೆಬರಹವೇ ಇಷ್ಟು," ಎಂದು ಅಧಿಕಾರಿ ನಿಟ್ಟುಸಿರುಬಿಟ್ಟರು. "ನಮ್ಮ ಕಾವಲಿನವನಿಗೆ ಬಟ್ಟೆ ಸಿಕ್ಕಿದೆ. ಹೇಗಿತ್ತೋ ಹಾಗೇ, ಕೈ ಸೋಕಿಸದೆ ತಟ್ಟೆಗೆ ಜಾರಿಸಿ ತಂದಿದಾನೆ. ಅವರದ್ದೇ ಅಂತ ನೋಡಿ ಹೇಳಿದ್ರೆ ಸಾಕು, ನೀವಿಬ್ರೂ ಹೋಗಿ ಮಲ್ಕೊಳ್ಳಿ."

ಇಬ್ಬರೂ. ಆ ಮಾತು ಅವಳ ಕಿವಿಯಲ್ಲಿ ಬೆಚ್ಚಗೆ ಕೂತಿತು. ಗುಲಾಬಿ ಬಣ್ಣದ ಮಂಚವನ್ನು ಅತ್ತಿಗೆ ಇನ್ನು ಅಂಗಡಿಗೇ ಮರಳಿಸಬೇಕು. ಅವಳು ಕಡ್ಡಿಯ ಕೈ ಹಿಡಿಯಲು ಹೋದಳು. ಆ ಕೈ ಕೆಳತುಟಿಯ ಮೇಲಿತ್ತು.

ಕಾವಲಿನವನು ಅಗಲವಾದ ತಟ್ಟೆಯನ್ನು ಮೇಜಿನ ನಡುವೆ ಇಟ್ಟ. ಜೊತೆಯಾಗಿಟ್ಟ ಚಪ್ಪಲಿ, ಕಲೆಯಿಲ್ಲದ ಕನ್ನಡಕ, ನೆರಿಗೆಯಿಲ್ಲದ ಚಡ್ಡಿ, ಅದರ ಮೇಲೆ ಅಂಗಿ. ತೋಳುಗಳು ಒಳಕ್ಕೆ, ಅಂಚು ಕತ್ತಿನ ಪಟ್ಟಿಯೊಳಕ್ಕೆ. "ಹೌದು, ಅವರದ್ದೇ," ಎಂದಳು ಅವಳು. ಎಷ್ಟು ನೋಡಿದರೂ ಅವಳ ಕಣ್ಣಿಗೆ ಅದರಲ್ಲಿ ಏನೂ ಕಾಣಲಿಲ್ಲ. ಅವಳ ಮನೆಯಲ್ಲಿ ಬಟ್ಟೆಗಳು ಇರುತ್ತಿದ್ದದ್ದೇ ಹಾಗೆ. ಅಧಿಕಾರಿ ಪೆನ್ನಿನ ಮುಚ್ಚಳ ಹಾಕಿದರು. ಆಗ ಕಡ್ಡಿ ತುಟಿಯಿಂದ ಬೆರಳು ತೆಗೆದು, ಮೊದಲು ತಟ್ಟೆಯನ್ನೂ ಆಮೇಲೆ ಅಮ್ಮನ ಮುಖವನ್ನೂ ನೋಡಿ, ಎಲ್ಲರಿಗೂ ಕೇಳುವಂತೆ ಕೇಳಿದಳು: "ಅಮ್ಮ, ನೀನು ಛತ್ರಿ ಕೆಳಗೇ ಇದ್ದೆ ಅಲ್ವಾ, ಮತ್ತೆ ಅಪ್ಪನ ಅಂಗೀನ ಲಕೋಟೆ ಮಾಡಿದ್ದು ಯಾರು?"