ಸಯೋಕೊ ನೋಡದ ರುಚಿ

ನೈರೋಬಿಯ ಪಂಗಾನಿ ಬಡಾವಣೆಯ ಮನೆಯಲ್ಲಿ ಫಿಲೋಮಿನಾಬಾಯಿ ಹಂದಿಮಾಂಸದ ಪಾತ್ರೆಗೆ ವೈನ್ ಬಾಟಲಿಯ ಕೊನೆಯ ಹನಿಯನ್ನೂ ಬಗ್ಗಿಸುತ್ತಿದ್ದಾಗ, ಸೊಸೆ ಸಯೋಕೊ ಮೀನಿನ ಚೀಲ ಹಿಡಿದು ಅಡುಗೆಮನೆಯ ಬಾಗಿಲಲ್ಲೇ ನಿಂತುಬಿಟ್ಟಳು. ಮೊಂಬಾಸಾದಿಂದ ಬಂದ ತಾಜಾ ಮೀನನ್ನು ಆ ವೈನಿಗೆಂದೇ ಮಾರ್ಕೆಟ್ಟೆಲ್ಲ ಅಲೆದು ತಂದಿದ್ದಳು.

“ಮಾಂಯ್, ಅದು ನನ್ನಪ್ಪ ಕಳಿಸಿದ್ದು...”

“ಗೊತ್ತು. ನೀರಿನ ಹಾಗಿದೆ. ಪಾದ್ರಿಗಳು ಊಟಕ್ಕೆ ಬರ್ತಾರೆ, ವಿನೆಗರ್ ಮುಗಿದಿತ್ತು,” ಎಂದರು ಅತ್ತೆ, ತಿರುಗಿಯೂ ನೋಡದೆ.

ಸಯೋಕೊಳ ಅಪ್ಪನ ದ್ರಾಕ್ಷಿತೋಟ ಜಪಾನಿನ ಒಂದು ಬೆಟ್ಟದೂರಿನಲ್ಲಿತ್ತು. ಪರದೇಶದ ವೈನ್ ಜೊತೆ ಹಸಿಮೀನು ತಿಂದರೆ ಬಾಯಲ್ಲಿ ನಾತ ಉಳಿಯುತ್ತದೆ, ನಮ್ಮ ಊಟಕ್ಕೆ ಒಗ್ಗುವ ನಮ್ಮದೇ ವೈನ್ ಬೇಕು ಎಂದು ಆತ ಅರ್ಧ ಆಯುಷ್ಯ ಸವೆಸಿದ್ದ. ಅಷ್ಟರಲ್ಲಿ ಗಂಟಲಿನ ಕಾಯಿಲೆ. ಚಿಕಿತ್ಸೆಯಲ್ಲಿ ನಾಲಿಗೆಯ ರುಚಿಯೇ ಹೊರಟುಹೋಯಿತು. ಪೀಪಾಯಿಗಳ ನಡುವೆ ತನ್ನೊಡನೆ ಬೆಳೆದ ಮಗಳ ನಾಲಿಗೆಯನ್ನಷ್ಟೇ ನಂಬಿ, ಹೊಸ ವೈನಿನ ರುಚಿ ನೋಡಲು ಬಾ ಎಂದು ಕರೆದ. “ಕ್ರಿಸ್‌ಮಸ್ ಕಳೀಲಿ, ಅಮ್ಮನ ಮಂಡಿನೋವು ಇಳೀಲಿ” ಎಂದು ಗಂಡ ರುಡಾಲ್ಫ್ ಮುಂದೂಡುತ್ತಲೇ ಹೋದ. ಹೀಗೇ 2006ನೇ ಇಸವಿಯೂ ಬಂತು. ಕೊನೆಗೆ ಅಪ್ಪನೇ ನೈರೋಬಿಗೆ ಬರುವವರ ಕೈಯಲ್ಲಿ ಈ ಬಾಟಲಿ ಕಳಿಸಿದ್ದ. ಮೀನಿನ ಜೊತೆ ಕುಡಿದು ಹೇಳು, ನೀನು ಹೂಂ ಎಂದರೆ ಈ ವಾರವೇ ಬಾಟಲಿಗಳಿಗೆ ತುಂಬಿಸಿ ಟೋಕಿಯೊದ ಹೋಟೆಲುಗಳಿಗೆ ಕಳಿಸುತ್ತೇನೆ ಎಂದಿದ್ದ.

ಪಾದ್ರಿಗಳು ಮಾಂಸವನ್ನು ಹೊಗಳುತ್ತಿರುವಾಗಲೇ ಅಪ್ಪನ ಫೋನ್ ಬಂತು.

“ಚೆನ್ನಾಗಿದೆ ಅಂದುಬಿಡು,” ಎಂದು ರುಡಾಲ್ಫ್ ಪಿಸುಗುಟ್ಟಿದ. “ಅಮ್ಮನ ವಿಷಯ ಬೇಡ.”

ಅವಳು ನಿಜ ಹೇಳಿದ್ದರೆ ಆ ಮನೆಯಲ್ಲಿ ಯಾರಿಗೂ ಅರ್ಥವಾಗುತ್ತಿರಲಿಲ್ಲ, ಮಾತು ಜಪಾನಿಯಲ್ಲಿ. ಆದರೆ ಮಗಳು ಸುಖವಾಗಿದ್ದಾಳೆಂದು ನಂಬಿದ ಮುದುಕನಿಗೆ ಏನೆಂದು ಹೇಳುವುದು... ನಿನ್ನ ಬದುಕನ್ನೇ ಹಂದಿಮಾಂಸಕ್ಕೆ ಸುರಿದರು ಎಂದೇ?

“ಮೀನಿಗೆ ಸರಿಯಾಗಿ ಹೊಂದಿತು ಅಪ್ಪ,” ಎಂದಳು. ಆ ಕಡೆ ಅವನು ಮಗುವಿನಂತೆ ನಕ್ಕ.

ಬೇಸಿಗೆಯ ಹೊತ್ತಿಗೆ ಹೋಟೆಲುಗಳು ಪೆಟ್ಟಿಗೆಗಳನ್ನೆಲ್ಲ ಹಿಂದಿರುಗಿಸಿದವು. ಮೀನಿನ ಜೊತೆ ಅದೇ ನಾತ. ಆ ಒಂದು ಗುಟುಕು ಅವಳ ಬಾಯಿಗೆ ಬಿದ್ದಿದ್ದರೆ ಗೊತ್ತಾಗಿಬಿಡುತ್ತಿತ್ತು.

“ನಿನ್ನ ತಪ್ಪಲ್ಲ ಮಗಳೇ,” ಎಂದ ಅಪ್ಪ. “ದೂರದ ಪ್ರಯಾಣ, ರುಚಿ ಬದಲಾಗಿರುತ್ತೆ. ಬಳ್ಳಿ ಕೀಳಿಸ್ತಿದ್ದೀನಿ. ಪಕ್ಕದ ತೋಟದವನು ಆ ಜಾಗದಲ್ಲಿ ಪೀಚ್ ಹಣ್ಣಿನ ಗಿಡ ಹಾಕ್ತಾನಂತೆ.”

ಅವಳು ಫೋನಿಟ್ಟ ಮೇಲೆ ರುಡಾಲ್ಫ್ ಹತ್ತಿರ ಬಂದ. “ಬೇಕಾದರೆ ಈಗ ಊರಿಗೆ ಹೋಗಿ ಬಾ. ಅಮ್ಮನನ್ನ ನಾನು ಒಪ್ಪಿಸ್ತೀನಿ.”

“ಈಗ ಹೋಗಿ ಏನು ಮಾಡಲಿ?” ಎಂದಳು ಸಯೋಕೊ. ಒಳಗಿಂದ ಅತ್ತೆ ಊಟಕ್ಕೆ ಕರೆದರು. ಅವಳು ಎದ್ದು ಹೋಗಿ ಎಲ್ಲರಿಗೂ ಅನ್ನ ಬಡಿಸಿದಳು.