ಎಂಟು ಸೆಕೆಂಡು

ನನ್ನ ಜೊತೆ ಸಮುದ್ರಕ್ಕಿಳಿಯುವವರಿಗೆಲ್ಲ, ಅವರಿಗೆ ಗೊತ್ತಾಗದ ಹಾಗೆ, ನಾನೊಂದು ಪರೀಕ್ಷೆ ಇಡುತ್ತಿದ್ದೆ. ಗಣಿತದ ಟೀಚರ್ ಅಲ್ಲವೇ, ಚಟ ಅಂದುಕೊಳ್ಳಿ. ಕಳೆದ ಭಾನುವಾರದವರೆಗೆ ನಾಲ್ವರು ಬರೆದಿದ್ದರು. ನಾಲ್ವರೂ ಫೇಲ್.

ಸ್ಕೂಬಾ ಡೈವಿಂಗ್‌ನಲ್ಲಿ ಒಬ್ಬೊಬ್ಬರೇ ಇಳಿಯುವಂತಿಲ್ಲ, ಜೊತೆಗಾರ ಬೇಕೇ ಬೇಕು. ನಮ್ಮ ಗಾಳಿ ಮುಗಿದರೆ ಅವನ ಸಿಲಿಂಡರೇ ಗತಿ. ಮೂರು ವರ್ಷದ ಹಿಂದೆ ನನ್ನ ಜೊತೆಗಾರನಾಗಿದ್ದವನು ನನ್ನನ್ನು ಮದುವೆಯಾಗಬೇಕಿದ್ದವನು. ಕೆಳಗೆ ನನ್ನ ಕಾಲು ಹಳೇ ಬಲೆಯೊಂದಕ್ಕೆ ಸಿಕ್ಕಿಕೊಂಡಾಗ ಅವನು ಕ್ಯಾಮೆರಾ ಹಿಡಿದು ಆಮೆಯ ಹಿಂದೆ ಹೋಗಿದ್ದ. ಹೇಗೋ ಬಿಡಿಸಿಕೊಂಡು ಮೇಲೆ ಬಂದರೆ ಮಹಾಶಯ ಬೋಟಿನಲ್ಲಿ ಎಲ್ಲರಿಗೂ ಫೋಟೋ ತೋರಿಸುತ್ತಿದ್ದ. ಉಂಗುರ ವಾಪಸ್ ಕೊಟ್ಟೆ. ಸಮುದ್ರವನ್ನು ಬಿಡಲು ಮಾತ್ರ ಆಗಲಿಲ್ಲ.

ಆ ಭಾನುವಾರ ಬೋಟಿನ ಯಜಮಾನಿ, ನಾವೆಲ್ಲ ಅಕ್ಕ ಅಂತ ಕರೆಯುವವಳು, ನನಗೊಬ್ಬ ಅಪರಿಚಿತನನ್ನು ಜೊತೆ ಮಾಡಿದಳು. ಎತ್ತರದ ಆಳು, ಸಂಕೋಚದವನು. ಲಿಫ್ಟ್ ರಿಪೇರಿ ಮಾಡುತ್ತಾನಂತೆ.

"ಎಷ್ಟು ಡೈವ್ ಆಗಿದೆ?" ಅಂದೆ. ಇದು ನನ್ನ ಮೊದಲ ಪ್ರಶ್ನೆ. ಜಂಬ ಕೊಚ್ಚಿದರೆ ಮಾರ್ಕ್ಸ್ ಕಟ್.

"ಇಪ್ಪತ್ತೆರಡು. ಒಂದನ್ನ ಅರ್ಧಕ್ಕೇ ಬಿಟ್ಟು ಬಂದೆ. ಭಯ ಆಯ್ತು."

"ಅದನ್ನೂ ಹೇಳ್ಬೇಕಾ?"

"ನನ್ನ ಜೊತೆ ಇಳಿಯೋರು ನೀವು. ನಿಮಗೆ ಗೊತ್ತಿರ್ಲಿ ಅಂತ."

ಇಳಿಯುವ ಮುಂಚೆ ಒಬ್ಬರ ಪಟ್ಟಿ, ಬಕಲ್‌ಗಳನ್ನು ಇನ್ನೊಬ್ಬರು ನೋಡುವುದು ಪದ್ಧತಿ. ಹೆಚ್ಚಿನವರು ಒಮ್ಮೆ ಎಳೆದ ಹಾಗೆ ಮಾಡಿ ಹೆಬ್ಬೆರಳೆತ್ತುತ್ತಾರೆ. ಇವನು "ಮುಟ್ಲಾ?" ಅಂತ ಕೇಳಿ, ಒಂದೊಂದನ್ನೂ ಬಿಚ್ಚಿ ಮತ್ತೆ ಹಾಕಿದ. ಭುಜದ ಹತ್ತಿರ ಬಗ್ಗಿದಾಗ ನನ್ನ ಕಣ್ಣು ಅವನ ಕಣ್ಣಿಗೆ ಸಿಕ್ಕಿತು. ತಕ್ಷಣ ಬಕಲ್ ನೋಡಿದ. ಆಗಲೇ ನೋಡಿ ಮುಗಿಸಿದ್ದ ಬಕಲ್ ಅದು. ಕಿವಿ ಕೆಂಪಾಗಿತ್ತು.

"ಲಿಫ್ಟನ್ನೂ ಹೀಗೇ ನೋಡ್ತೀರಾ?"

"ಲಿಫ್ಟು ನಗಲ್ಲ," ಅಂದ.

ನಾನು ನಗು ತಡೆದುಕೊಳ್ಳಲು ಮಾಸ್ಕ್ ಹಾಕಿಕೊಂಡೆ.

ಇಳಿದೆವು. ಹನ್ನೆರಡು ಮೀಟರ್ ಆಳ, ನೀರು ಕೊಂಚ ಮಬ್ಬು. ಅವನು ಮುಂದೆ, ನಾನು ಹಿಂದೆ. ನನ್ನ ಪರೀಕ್ಷೆ ಇಷ್ಟೇ: ಸದ್ದಿಲ್ಲದೆ ಬಂಡೆಯೊಂದರ ಮರೆಗೆ ಸರಿದು, ಜೊತೆಗಾರ ಎಷ್ಟು ಹೊತ್ತಿಗೆ ತಿರುಗಿ ನೋಡುತ್ತಾನೆಂದು ಎಣಿಸುವುದು. ಹಿಂದಿನ ನಾಲ್ವರಲ್ಲಿ ಚುರುಕಾದವನು ಒಂದೂವರೆ ನಿಮಿಷ ತೆಗೆದುಕೊಂಡಿದ್ದ.

ಇವನು ಎಂಟನೇ ಸೆಕೆಂಡಿಗೆ ತಿರುಗಿದ.

ನಾನು ಆಗಲೇ ಹೊರಗೆ ಬರಬೇಕಿತ್ತು. ಬರಲಿಲ್ಲ. ಅವನು ಸುತ್ತ ತಿರುಗಿ ನೋಡಿದ, ಸಿಲಿಂಡರ್ ಮೇಲೆ ಟಣ್ ಟಣ್ ಅಂತ ಬಡಿದ, ಬಂದ ದಾರಿಯಲ್ಲೇ ಹಿಂದಕ್ಕೆ ಈಜಿದ. ಮೂರು ವರ್ಷದಿಂದ ನನ್ನನ್ನು ಯಾರೂ ಹೀಗೆ ಹುಡುಕಿರಲಿಲ್ಲ. ಹುಡುಕಿಸಿಕೊಳ್ಳುವುದು ಅಷ್ಟು ಹಿತವಾಗಿತ್ತು. ಇನ್ನೊಂದು ಸ್ವಲ್ಪ, ಇನ್ನೊಂದೇ ಸ್ವಲ್ಪ ಅಂತ ಮರೆಯಲ್ಲೇ ಉಳಿದೆ.

ಜೊತೆಗಾರ ಕಾಣದಿದ್ದರೆ ಒಂದು ನಿಮಿಷ ಹುಡುಕಿ ಮೇಲೆ ಬರಬೇಕೆಂಬುದು ನಿಯಮ. ನಿಮಿಷ ಮುಗಿಯಿತು. ನಾನು ನೋಡುತ್ತಿದ್ದಂತೆಯೇ ಅವನು ನಿಧಾನವಾಗಿ ಮೇಲೇರಿ ಮಬ್ಬಿನಲ್ಲಿ ಮರೆಯಾದ.

ನಾನು ಮೇಲೆ ಬಂದಾಗ ಅಕ್ಕ ನನ್ನನ್ನು ಹುಡುಕಲು ಸಿಲಿಂಡರ್ ಕಟ್ಟಿಕೊಂಡು ಬೋಟಿನ ಅಂಚಿನಲ್ಲಿ ನಿಂತಿದ್ದಳು. ಅವನ ಮುಖದಲ್ಲಿ ರಕ್ತವೇ ಇರಲಿಲ್ಲ.

"ಎಲ್ಲಿ ಹಾಳಾಗಿ ಹೋಗಿದ್ಯೇ?" ಅಕ್ಕ ಗದರಿದಳು.

"ಬಂಡೆ ಅಡ್ಡ ಬಂತು ಅಕ್ಕಾ," ಅಂದುಬಿಟ್ಟೆ. ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಹೇಸಿಗೆಯಾಯಿತು.

ಅಕ್ಕ ಬೈದು ಸುಸ್ತಾಗಿ ಒಳಗೆ ಹೋದಳು. ಅವನು ಪ್ರತಿ ಡೈವ್‌ನ ವಿವರ ಬರೆದಿಡುವ ತನ್ನ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಬರೆಯುತ್ತಿದ್ದ. ಬಗ್ಗಿ ಓದಿದೆ. "ಜೊತೆಗಾರ್ತಿಯನ್ನು ಕಳೆದುಕೊಂಡೆ. ತಪ್ಪು ನನ್ನದು. ಇದೇ ಕೊನೆ."

"ಕೊನೆ ಅಂದ್ರೆ?"

"ಇನ್ನು ಇಳಿಯಲ್ಲ. ಇವತ್ತು ನೀವು ಹೇಗೋ ಬಂದ್ರಿ. ನನ್ನನ್ನ ನಂಬಿ ಇನ್ಯಾರೋ ಇಳಿದು, ಅವರು ಬರ್ದೇ ಹೋದ್ರೆ?"

ಬಾಯಿ ಮುಚ್ಚಿಕೊಂಡಿದ್ದರೆ ನಾನು ಅವನ ಕಣ್ಣಲ್ಲಿ ಒಳ್ಳೆಯವಳಾಗಿಯೇ ಉಳಿಯುತ್ತಿದ್ದೆ. ಬಾಯಿ ಬಿಟ್ಟರೆ ಇವನೂ ಕೈತಪ್ಪುತ್ತಿದ್ದ. ಆದರೆ ಸುರಕ್ಷಿತ ಜೊತೆಗಾರನನ್ನು ಮೂರು ವರ್ಷ ಜರಡಿ ಹಿಡಿದು ಹುಡುಕಿದ ನಾನೇ, ಸಿಕ್ಕ ಒಬ್ಬನನ್ನು ಸಮುದ್ರದಿಂದ ಓಡಿಸುತ್ತಿದ್ದೆ. ಈ ಬೋಟಿನಲ್ಲಿ ನಂಬಬಾರದವಳು ಯಾರೆಂದು ನನಗೆ ಆಗ ತಿಳಿಯಿತು.

"ನೀವು ಕಳ್ಕೊಳ್ಲಿಲ್ಲ. ನಾನೇ ಬಚ್ಚಿಟ್ಕೊಂಡಿದ್ದೆ," ಅಂದೆ. ಬಲೆ, ಆಮೆ, ಪರೀಕ್ಷೆ, ನಾಲ್ಕು ಫೇಲು, ಎಲ್ಲ ಹೇಳಿದೆ. "ನೀವು ಎಂಟೇ ಸೆಕೆಂಡಿಗೆ ತಿರುಗಿದ್ರಿ. ಆಮೇಲೂ ನಾನು ಬರ್ಲಿಲ್ಲ. ನೀವು ಹುಡುಕ್ತಿದ್ದದ್ದು ಇಷ್ಟ ಆಯ್ತು. ನೀವೇ ಇಷ್ಟ ಆದ್ರಿ."

ಅವನು ಎದ್ದು ಬೋಟಿನ ಆ ತುದಿಗೆ ಹೋದ. ನನಗೆ ಬೆನ್ನು ಮಾಡಿ ತನ್ನ ಸಿಲಿಂಡರಿನ ಪಟ್ಟಿಗಳನ್ನು ಒಂದೊಂದಾಗಿ ಬಿಚ್ಚಿದ. ನಾನು ಅತ್ತುಬಿಡುತ್ತೇನೆ ಅನ್ನಿಸಿತು. ಆಮೇಲೆ ವಾಪಸ್ ಬಂದ.

"ಆ ಒಂದು ನಿಮಿಷ ನಾನೇನು ಯೋಚಿಸ್ದೆ ಗೊತ್ತಾ? ನಿಮ್ಮ ಮನೇಲಿ ಯಾರಿಗೆ ಫೋನ್ ಮಾಡ್ಬೇಕು ಅಂತಾನೂ ನನಗೆ ಗೊತ್ತಿಲ್ವಲ್ಲಾ ಅಂತ." ಬಿಟ್ಟುಹೋಗಿದ್ದ ಪುಸ್ತಕದ ಪಕ್ಕ ದೊಪ್ಪನೆ ಕೂತ. "ನನಗೆ ತುಂಬಾ ಕೋಪ ಬಂದಿದೆ."

"ಬರ್ಲಿ. ಬರ್ಬೇಕಾದ್ದೇ."

"ಇವತ್ತು ನಿಮ್ಮ ಜೊತೆ ಇನ್ನೊಂದ್ಸಲ ಇಳಿಯಲ್ಲ."

"ಬೇಡ. ಆದ್ರೆ ಡೈವಿಂಗ್ ಬಿಡ್ಬೇಡಿ."

ಅವನ ಪೆನ್ ತೆಗೆದುಕೊಂಡು "ತಪ್ಪು ನನ್ನದು, ಇದೇ ಕೊನೆ" ಎಂಬುದನ್ನು ಹೊಡೆದುಹಾಕಿದೆ. ಪಕ್ಕದಲ್ಲಿ ತಪ್ಪು ಜೊತೆಗಾರ್ತಿಯದು ಅಂತ ಬರೆದು ಸಹಿ ಮಾಡಿದೆ. ಕೆಳಗೆ "ಅಮ್ಮ" ಅಂತ ಬರೆದು ಫೋನ್ ನಂಬರ್ ಹಾಕಿದೆ.

ಅವನು ಅದನ್ನು ನೋಡುತ್ತಲೇ ಇದ್ದ. ಬಿಗಿದಿದ್ದ ತುಟಿಯ ಅಂಚು ಸ್ವಲ್ಪ ಸಡಿಲವಾಯಿತು.

"ಆಪತ್ತಿಗೆ ಮಾತ್ರನಾ ಈ ನಂಬರ್?"

"ಮತ್ತಿನ್ನೇನಕ್ಕೆ?"

"ಅವರ ಮಗಳ ಮೇಲೆ ಒಂದು ಕಂಪ್ಲೇಂಟ್ ಇದೆ. ಮನೆಗೇ ಬಂದು ಹೇಳ್ಬೇಕು," ಅಂದ. ಈ ಸಲ ನನ್ನ ಕಣ್ಣಿಗೆ ಸಿಕ್ಕಿಬಿದ್ದ ಕಣ್ಣನ್ನು ಅವನು ಬೇರೆಲ್ಲಿಗೂ ತಿರುಗಿಸಲಿಲ್ಲ.