ಐದು ಗಂಟೆಯ ಹೆಸರುಗಳು

ವೈರ್‌ಲೆಸ್ ಸೆಟ್ ಮೇಜಿನ ಮೇಲೇ ಇತ್ತು. ಅದರ ಬ್ಯಾಟರಿ ಇರಲಿಲ್ಲ.

“ಹತ್ತೇ ನಿಮಿಷ ಮೇಡಂ! ಊಟಕ್ಕೆ ಕೆಳಗೆ ಹೋಗಿ ಬಂದೆ. ಅಷ್ಟರಲ್ಲಿ ಮಾಯ!” ಆಪರೇಟರ್ ತಲೆಯ ಮೇಲೆ ಕೈ ಹೊತ್ತು ಕುಳಿತ.

ಹೆಡ್ ಕಾನ್‌ಸ್ಟೇಬಲ್ ಬಾಗಿಲು ಮುಂದೆ ಮಾಡಿ ಚಿಲಕ ಹಾಕಿದಳು. ಸುದ್ದಿ ಹಬ್ಬಿದರೆ ಜನ ಹೆದರುತ್ತಾರೆ. ಹೆದರಿದವರು ಓಡಿಹೋಗಲು ಇಲ್ಲಿ ಜಾಗವಿರಲಿಲ್ಲ. ಶಾಲೆಯ ಸುತ್ತ ನಾಲ್ಕೂ ಕಡೆ ನೀರು. ಮೂರು ದಿನದಿಂದ ಎಂಬತ್ತಮೂರು ಜನ ಈ ಕಟ್ಟಡದಲ್ಲಿ ಸಿಕ್ಕಿಬಿದ್ದಿದ್ದರು. ಪರಿಹಾರ ಸಂಸ್ಥೆಯವರು ದೋಣಿಯಲ್ಲಿ ಬಂದು ಕಂಬಳಿ, ದಿನಸಿ, ಒಬ್ಬ ನರ್ಸು ಮತ್ತು ಈ ಆಪರೇಟರನ್ನು ಇಳಿಸಿ ಹೋಗಿದ್ದರು. “ಏನಾದರೂ ತುರ್ತು ಇದ್ದರೆ ಕರೆಯಿರಿ, ಬರುತ್ತೇವೆ” ಎಂದಿದ್ದರು. ಮೊಬೈಲ್‌ಗಳೆಲ್ಲ ಸತ್ತಿದ್ದವು. ಕರೆಯುವುದಕ್ಕೆ ಇದ್ದದ್ದು ಈ ಸೆಟ್ ಒಂದೇ.

ಅದು ಇನ್ನೊಂದು ಕೆಲಸವನ್ನೂ ಮಾಡುತ್ತಿತ್ತು. ಆಚೆ ದಡದಲ್ಲಿ ಸಿಕ್ಕವರ ಹೆಸರುಗಳು, ಬದುಕಿದವರದೂ ಸತ್ತವರದೂ, ಮಧ್ಯಾಹ್ನ ಅದರಲ್ಲಿ ಬರುತ್ತಿದ್ದವು. ಆಪರೇಟರ್ ಬರೆದುಕೊಂಡು ಸಂಜೆ ಐದಕ್ಕೆ ಜಗಲಿಯಲ್ಲಿ ನಿಂತು ಓದುತ್ತಿದ್ದ.

“ಇವತ್ತಿನ ಹೆಸರುಗಳು ಬಂದಿದ್ವಾ?”

“ಇಲ್ಲ ಮೇಡಂ. ಸೆಟ್ ಆನ್ ಮಾಡಿಟ್ಟೇ ಹೋಗಿದ್ದೆ.”

ಅವಳು ಬಗ್ಗಿ ನೋಡಿದಳು. ತಂತಿ ಕತ್ತರಿಸಿರಲಿಲ್ಲ, ಬಿಚ್ಚಿದ್ದರು. ಎರಡು ನಟ್ಟುಗಳನ್ನು ಟೀ ಲೋಟದ ಮುಚ್ಚಳದಲ್ಲಿ ಜೋಪಾನವಾಗಿ ಇಟ್ಟಿದ್ದರು. ನಟ್ಟುಗಳ ಅಂಚು ಕಿತ್ತುಹೋಗಿತ್ತು. ಬೆರಳಿಗೆ ಮಸಿ ಅಂಟಿತು. ನೆಲದ ಮೇಲೆ ನಾಲ್ಕೈದು ಬಿಳಿ ಚುಕ್ಕೆಗಳು ಬಾಗಿಲ ಕಡೆಗೆ ಸಾಗಿ, ಜಗಲಿಯ ಒದ್ದೆಯಲ್ಲಿ ಕರಗಿಹೋಗಿದ್ದವು.

*

ಸುದ್ದಿ ಹೇಗೋ ಹೊರಬಿತ್ತು. ಸಂಜೆಯ ಹೊತ್ತಿಗೆ ಜನ ತಾವೇ ಕಳ್ಳನನ್ನು ತೀರ್ಮಾನಿಸಿಬಿಟ್ಟಿದ್ದರು. ಬೈಕ್ ಮೆಕ್ಯಾನಿಕ್. ಆಚೆ ದಡದ ತಾಯಿಯ ಹತ್ತಿರ ಕಳಿಸಿ ಎಂದು ಹಿಂದಿನ ದಿನ ಆಪರೇಟರ್ ಜೊತೆ ಕೈ ಕೈ ಮಿಲಾಯಿಸಿದ್ದ. ಅವನ ಚೀಲದಲ್ಲಿ ಸ್ಪ್ಯಾನರ್‌ಗಳೂ ಸಿಕ್ಕವು. ಇಬ್ಬರು ಅವನ ಕಾಲರ್ ಹಿಡಿದಿದ್ದರು.

“ಬಿಡ್ರಿ ಅವನನ್ನ!” ಹೆಡ್ ಕಾನ್‌ಸ್ಟೇಬಲ್ ನಡುವೆ ಹೋಗಿ ನಿಂತಳು. “ಸ್ಪ್ಯಾನರ್ ಇಟ್ಕೊಂಡಿರೋನು ನಟ್ಟನ್ನ ಹಂಗೆ ಕಚ್ಚಿ ಹಾಳು ಮಾಡ್ತಾನಾ?”

ಮೆಕ್ಯಾನಿಕ್ ಅಂಗಿ ಸರಿಮಾಡಿಕೊಂಡ. “ಬಾಗಿಲ ಹತ್ತಿರದ ಬಿಳಿ ಚುಕ್ಕೆ ನೋಡಿದೆ ಮೇಡಂ. ಅದು ಆಸಿಡ್ಡು. ಹಳೇ ಬ್ಯಾಟರಿ, ವಾಲಿಸಿದ್ರೆ ಚೆಲ್ಲುತ್ತೆ. ತಗೊಂಡೋರಿಗೆ ಬ್ಯಾಟರಿ ಹಿಡಿಯೋಕೇ ಬರಲ್ಲ. ಮಗುನ ಎತ್ಕೊಂಡಂಗೆ ಎತ್ಕೊಂಡು ಹೋಗಿದ್ದಾರೆ.”

ಅವಳು ಹನ್ನೊಂದು ಕೋಣೆ ಹುಡುಕಿದಳು. ಪ್ರತಿ ಗಂಟು ಬಿಚ್ಚಿಸಿದಳು. ಹೋದಲ್ಲೆಲ್ಲ ಒಂದೇ ಪ್ರಶ್ನೆ: “ಸೆಟ್ ಯಾವಾಗ ಸರಿಹೋಗುತ್ತೆ ಮೇಡಂ?”

ಕೊನೆಯ ಕೋಣೆಯಲ್ಲಿ ತುಂಬು ಗರ್ಭಿಣಿಯೊಬ್ಬಳು ಗೋಡೆಗೆ ಒರಗಿದ್ದಳು. ಊದಿದ ಕಾಲುಗಳನ್ನು ಒಂದು ರಟ್ಟಿನ ಪೆಟ್ಟಿಗೆಯ ಮೇಲೆ ಚಾಚಿದ್ದಳು. ಸಂಸ್ಥೆಯವರು ಕೊಟ್ಟ ಮಗುವಿನ ಬಟ್ಟೆಗಳ ಪೆಟ್ಟಿಗೆ. ಅವಳ ಅತ್ತೆ ಪಕ್ಕದಲ್ಲಿ ಕುಳಿತು ಗಾಳಿ ಬೀಸುತ್ತಿದ್ದಳು. ಸೊಸೆಯ ಗಂಡ ಇವರಿಬ್ಬರನ್ನು ಇಲ್ಲಿ ಹತ್ತಿಸಿ, ಪಕ್ಕದ ಬೀದಿಯವರನ್ನು ಕರೆತರುತ್ತೇನೆಂದು ಈಜಿ ಹೋದವನು ತಿರುಗಿ ಬಂದಿರಲಿಲ್ಲ.

“ಸೆಟ್ ಯಾವಾಗ ಸರಿಹೋಗುತ್ತೆ ಮೇಡಂ?” ಸೊಸೆ ಕೇಳಿದಳು. “ಇವರ ಹೆಸರು ಇವತ್ತಾದ್ರೂ ಬರಬಹುದು.”

“ಹುಡುಕ್ತಿದ್ದೀನಮ್ಮ.” ಆ ಕಾಲುಗಳನ್ನು ಎತ್ತಿಸಲು ಮನಸ್ಸಾಗದೆ ಹೆಡ್ ಕಾನ್‌ಸ್ಟೇಬಲ್ ಹೊರಗೆ ಬಂದಳು.

*

ಮರುದಿನ ಬೆಳಿಗ್ಗೆ ಸೊಸೆಗೆ ನೋವು ಶುರುವಾಯಿತು. ನರ್ಸು ಹೊಟ್ಟೆ ಮುಟ್ಟಿ ನೋಡಿದಳು. ಎರಡನೇ ಸಲ ಮುಟ್ಟಿದಾಗ ಮುಖ ಬಿಗಿಯಾಯಿತು.

“ಮಗು ಅಡ್ಡ ಮಲಗಿದೆ. ಇಲ್ಲಿ ಆಗಲ್ಲ. ಆಸ್ಪತ್ರೆಗೇ ಸೇರಿಸ್ಬೇಕು, ಮಧ್ಯಾಹ್ನದೊಳಗೆ.”

“ಹೇಗೆ ಸೇರಿಸೋದು?” ಯಾರೋ ಕೂಗಿದರು. ಕಿಟಕಿಯ ಸರಳುಗಳಾಚೆ ಕೆಸರು ನೀರು ಸುಮ್ಮನೆ ಹರಿಯುತ್ತಿತ್ತು.

ಚಾಪೆ ಬೆಳಕಿಗೆ ಎಳೆಯಲು ನರ್ಸು ರಟ್ಟಿನ ಪೆಟ್ಟಿಗೆಯನ್ನು ಕಾಲಿನಿಂದ ಪಕ್ಕಕ್ಕೆ ತಳ್ಳಿದಳು. ಅದು ಅಲುಗಾಡಲಿಲ್ಲ.

ಹೆಡ್ ಕಾನ್‌ಸ್ಟೇಬಲ್ ಅದನ್ನು ನೋಡಿದಳು. ಅದರಲ್ಲಿ ಇರಬೇಕಾದದ್ದು ನಾಲ್ಕು ಅಂಗಿ, ಎರಡು ಟೋಪಿ, ಒಂದು ಟವೆಲ್, ಅಷ್ಟೇ. ಆಮೇಲೆ ಅತ್ತೆಯನ್ನು ನೋಡಿದಳು. ಮುದುಕಿ ಸೆರಗನ್ನು ಒಳಮಗ್ಗುಲಿಗೆ ಮಡಿಸಿ ಸಿಕ್ಕಿಸಿಕೊಂಡಿದ್ದಳು. ಮಡಿಕೆಯ ಅಂಚಿನಲ್ಲಿ ಆಸಿಡ್ ತಿಂದಂಥ, ಕಡಲೆಕಾಳಿನಷ್ಟು ತೂತುಗಳು. ನಿನ್ನೆ ಇರದಿದ್ದ ತೂತುಗಳು.

ಅವಳ ತೋಳು ಹಿಡಿದು ಜಗಲಿಗೆ ಕರೆತಂದಳು. “ಅಮ್ಮ, ಬ್ಯಾಟರಿ ಕೊಡಿ.”

ಮುದುಕಿ ಸೆರಗಿನ ತೂತುಗಳನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಳು.

“ನಿಮ್ಮ ಮಗನ ಹೆಸರು ಬಂತು, ಅಲ್ವಾ?”

ಮುದುಕಿ ಕಂಬ ಹಿಡಿದು ಕುಸಿದಳು. “ಸೆಟ್ ಇದ್ದ ಕೋಣೆಗೆ ನುಗ್ಗಿದ್ದ ಮಳೆನೀರು ಒರೆಸ್ತಿದ್ದೆ ತಾಯಿ. ಆ ಡಬ್ಬದಲ್ಲಿ ಯಾರೋ ಮಾತಾಡಿದ್ರು. ಹೆಸರು, ಅಪ್ಪನ ಹೆಸರು, ಬೀದಿ, ಎಲ್ಲ ಹೇಳಿದ್ರು. ಆಮೇಲೆ ಶವ ಅಂದ್ರು. ಐದು ಗಂಟೆಗೆ ಇದನ್ನ ಅವಳ ಮುಂದೆ ಓದ್ತಾರೆ ಅನ್ನಿಸ್ತು. ಅವಳು ಹೆರೋ ತನಕ ಆ ಡಬ್ಬ ಬಾಯಿ ಮುಚ್ಕೊಂಡಿರಲಿ ಅಂತ… ಅಷ್ಟೇ. ಮಗು ಅಡ್ಡ ಇದೆ ಅಂತ ನಂಗೇನು ಗೊತ್ತಿತ್ತು? ತಗೊಂಡು ಹೋಗಿ ತಾಯಿ. ಬೇಗ ತಗೊಂಡು ಹೋಗಿ.”

*

ಪೆಟ್ಟಿಗೆಯ ತಳದಲ್ಲಿದ್ದ ಬ್ಯಾಟರಿಯನ್ನು ಮೆಕ್ಯಾನಿಕ್ ಜೋಡಿಸಿದ. ಸೆಟ್ ಕರಕರ ಎಂದಿತು. ಆಪರೇಟರ್ ದೋಣಿಗೂ ಡಾಕ್ಟರಿಗೂ ಕೂಗಿ ಹೇಳಿದ. ಒಂದು ಗಂಟೆ ಬೇಕು ಎಂದರು ಆಚೆಯವರು.

“ನಿಮಗೆ ಹೇಗೆ ಹೊಳೀತು ಮೇಡಂ?” ಮೆಕ್ಯಾನಿಕ್ ಕೇಳಿದ.

“ನಟ್ಟು ಜೋಪಾನ ಮಾಡಿದ್ರು. ಅಂದ್ರೆ ವಾಪಸ್ ಹಾಕೋ ಮನಸ್ಸಿತ್ತು. ಮಾರೋ ಕಳ್ಳನೂ ಅಲ್ಲ, ಸಿಟ್ಟಿನೋನೂ ಅಲ್ಲ. ನಟ್ಟಿನ ಮೇಲೆ ಒಲೆ ಮಸಿ. ಬಿಚ್ಚಿದ್ದು ಅಡುಗೆಮನೆ ಇಕ್ಕಳದಲ್ಲಿ. ಅಡುಗೆಗೆ ಕೈಜೋಡಿಸ್ತಿದ್ದೋರು ಆರು ಹೆಂಗಸರು, ಆ ಅಮ್ಮನೂ ಸೇರಿ. ಬ್ಯಾಟರಿ ತೂಕ ಒಂದು ತುಂಬಿದ ಕೊಡದಷ್ಟು, ಅದನ್ನ ಯಾರು ಬೇಕಾದ್ರೂ ಸೊಂಟಕ್ಕೆ ಏರಿಸ್ತಾರೆ. ಅಲ್ಲಿಗೆ ನಿಂತುಬಿಟ್ಟಿದ್ದೆ.” ಅವಳು ಕಿಟಕಿಯ ಕಡೆ ತಿರುಗಿದಳು. “ನಿನ್ನೆ ಎಲ್ಲರೂ ನನ್ನನ್ನ ಒಂದೇ ಪ್ರಶ್ನೆ ಕೇಳಿದ್ರು. ಸೆಟ್ ಯಾವಾಗ ಸರಿಹೋಗುತ್ತೆ? ಮಗ ಕಾಣೆಯಾಗಿರೋ ಆ ತಾಯಿ ಮಾತ್ರ ಕೇಳಲಿಲ್ಲ. ನನಗದು ನಿನ್ನೆಯೇ ಕಿವಿಗೆ ಬೀಳಬೇಕಿತ್ತು.”

*

ದೋಣಿ ಬಂತು. ಮೆಕ್ಯಾನಿಕ್ ಮತ್ತು ನಾಲ್ವರು ಸೇರಿ ಚಾಪೆ ಸಮೇತ ಸೊಸೆಯನ್ನು ಇಳಿಸಿದರು. ಜೊತೆಗೆ ನರ್ಸು ಹತ್ತಿದಳು. ಇನ್ನೊಬ್ಬರಿಗೆ ಮಾತ್ರ ಜಾಗವಿತ್ತು.

“ಆ ಮುದುಕಿ ಬೇಡ!” ಮೆಟ್ಟಿಲ ಮೇಲಿಂದ ಒಬ್ಬ ಅರಚಿದ. “ನಮ್ಮೆಲ್ಲರ ಪ್ರಾಣದ ಜೊತೆ ಆಟ ಆಡಿದಳು!”

“ಆಡಿದ್ದು ನಿಜ,” ಎಂದಳು ಹೆಡ್ ಕಾನ್‌ಸ್ಟೇಬಲ್. “ಅದಕ್ಕೆ ಕೇಸ್ ಬರೀತೀನಿ. ಈಗ ದಾರಿ ಬಿಡಿ.” ಮುದುಕಿಯ ಕೈ ಹಿಡಿದು ತಾನೇ ದೋಣಿಗೆ ಹತ್ತಿಸಿದಳು.

ಸೊಸೆ ಹಲ್ಲು ಕಚ್ಚಿ ಕೇಳಿದಳು. “ಸೆಟ್ ಸರಿಹೋಯ್ತಂತಲ್ಲ ಅತ್ತೆ. ಇವರ ಹೆಸರು ಬಂತಾ?”

ಮುದುಕಿ ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. “ಮೊದಲು ಮಗು ಬರಲಿ ಕಂದ. ಆಮೇಲೆ ನಾನೇ ಹೇಳ್ತೀನಿ.”

ಸೊಸೆ ಅತ್ತೆಯ ಮುಖವನ್ನೇ ನೋಡಿದಳು. ಆ ತೂತುಬಿದ್ದ ಸೆರಗನ್ನು ಮುಖದ ಮೇಲೆ ಎಳೆದುಕೊಂಡು, ದೋಣಿ ತಿರುವು ದಾಟುವವರೆಗೂ ಬಿಕ್ಕಿದಳು.

ಸಂಜೆ ಐದಕ್ಕೆ ಆಪರೇಟರ್ ಜಗಲಿಗೆ ಬಂದ. ಎರಡು ದಿನದ ಹೆಸರುಗಳು. ನಾಲ್ಕನೆಯದಾಗಿ ಮುದುಕಿಯ ಮಗನ ಹೆಸರು ಓದಿದಾಗ, ಬೆಳಿಗ್ಗೆ ಅರಚಿದವನು ತಲೆ ತಗ್ಗಿಸಿದ.

“ಕೊನೆಗೆ ಇನ್ನೊಂದು ಸುದ್ದಿ ಇದೆ,” ಎಂದ ಆಪರೇಟರ್. “ಆಸ್ಪತ್ರೆಯಿಂದ. ಹೆಣ್ಣು ಮಗು. ತಾಯಿ, ಮಗು ಇಬ್ಬರೂ ಕ್ಷೇಮ. ಹೆಸರು ಇನ್ನೂ ಇಟ್ಟಿಲ್ಲವಂತೆ.”